ಬೋರಲು ಕಲ್ಲು

ಮೊನ್ನೆ ಸ್ಕೂಟರ್ ಒರೆಸಲು ಹಳೇ ಬಟ್ಟೆ ಕೇಳಿದೆ. ಹೆಂಡತಿ ಬೀರುವಿನ ತಳದಿಂದ ನನ್ನದೇ ಒಂದು ಬೂದು ಪ್ಯಾಂಟು ಎಳೆದು ಎಸೆದಳು. ಹರಿಯೋಣವೆಂದು ಸೊಂಟದ ಪಟ್ಟಿ ತಿರುವಿದರೆ ಒಳಗಡೆ ಕಪ್ಪು ಮಸಿಯ ಗುರುತು. ಮೂರು ಚುಕ್ಕಿ, ಅದರ ಕೆಳಗೊಂದು ಗೆರೆ. ಇಷ್ಟು ವರ್ಷವಾದರೂ ಮಾಸಿಲ್ಲ. ಮೂಗಿನ ಹತ್ತಿರ ಹಿಡಿದೆ. ಇದ್ದಿಲಿನ ವಾಸನೆ ಬಂದಂತಾಯಿತು... ಬಂದಿರಲಾರದು, ಬೀರುವಿನ ತುಂಬ ನುಸಿಗುಳಿಗೆಯಿತ್ತು. ಅಂತೂ ಸ್ಕೂಟರ್ ಒರೆಸುವುದು ಅಲ್ಲಿಗೇ ನಿಂತಿತು.

ಆ ಗುರುತು ಹಾಕಿದವರು ನಮ್ಮ ಬಡಾವಣೆಯ ಇಸ್ತ್ರಿಯಣ್ಣ. ಹುಣಸೂರಿನ ಅಂಚಿನಲ್ಲಿ ಹೊಸದಾಗಿ ಸೈಟು ಮಾಡಿದ್ದ ಜಾಗ ಅದು. ಹ್ಯಾಂಡ್‌ಪೋಸ್ಟ್ ಕಡೆಯ ಶಾಲೆಯಿಂದ ವರ್ಗವಾಗಿ ನಾನು ಅಲ್ಲಿಗೆ ಬಂದಾಗ ಮನೆಗಳಿಗಿಂತ ಹೊಂಗೆ ಮರಗಳೇ ಜಾಸ್ತಿ ಇದ್ದವು. ತೋಪಿನ ಆಚೆ ಒಂದು ಹಳೆಯ ನೀರಿನ ಕಟ್ಟೆ. ಇಸ್ತ್ರಿಯಣ್ಣನ ಮನೆತನದವರು ತಲೆಮಾರುಗಳಿಂದ ಅದರ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು. ಇವರು ಬೆಳಿಗ್ಗೆ ಅಲ್ಲಿ ಒಗೆದು, ಮಧ್ಯಾಹ್ನ ಹೊಂಗೆ ಮರದಡಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುತ್ತಿದ್ದರು. ಜೇಬಿನಲ್ಲಿ ಮರೆತದ್ದು ಏನೇ ಇರಲಿ, ಬಸ್ ಟಿಕೆಟ್ಟಾಗಲಿ, ಸಾಮಾನಿನ ಚೀಟಿಯಾಗಲಿ, ಅದನ್ನು ಮಡಿಸಿದ ಬಟ್ಟೆಯ ಮೇಲೆ ಇಟ್ಟೇ ಕೊಡುತ್ತಿದ್ದರು. ಒಮ್ಮೆ ನನ್ನ ಅರ್ಧ ತಿಂದ ಚಕ್ಕುಲಿಯೂ ಹಾಗೆಯೇ ವಾಪಸು ಬಂದಿತ್ತು.

ನಾನು ಸಮಾಜ ಪಾಠದ ಮೇಷ್ಟ್ರು ಎಂದು ತಿಳಿದ ದಿನ ಅವರಿಗೆ ನಗು ಬಂತು.

“ಎಲ್ಲೆಲ್ಲಿಂದೋ ರಾಜ್ರ ಕತೆ ಯೋಳ್ತೀರಿ, ನಿಮ್ ಮನೆ ಇಂದೆ ಏನದೆ ಗೊತ್ತಾ ಮೇಷ್ಟ್ರೇ? ಬಾನ್ವಾರ ಬನ್ನಿ.”

ಆ ಭಾನುವಾರದಿಂದ ನಮ್ಮ ಸುತ್ತಾಟ ಶುರುವಾಯಿತು. ತೋಪಿನೊಳಗೆ ಕುಸಿದ ಒಂದು ಮಂಟಪ, ದಾರಿಹೋಕರು ಹೊರೆ ಇಳಿಸುತ್ತಿದ್ದ ಕಲ್ಲು, ಬೇರು ತುಂಬಿಕೊಂಡ ಬಾವಿ, ನದಿಯ ಕಡೆ ಹೋಗುವ ಆಲದ ಸಾಲು. ಅವರು ಮುಂದೆ, ನಾನು ನೋಟ್‌ಬುಕ್ ಹಿಡಿದು ಹಿಂದೆ. ಇಪ್ಪತ್ತು ವರ್ಷ ಇತಿಹಾಸ ಒದರಿದ್ದ ನನಗೆ ಕಾಲಡಿಯ ಕಲ್ಲು ಓದಲು ಬರುತ್ತಿರಲಿಲ್ಲ. ಅದನ್ನು ಕಲಿಸಿದವರು ಅವರೇ.

ಕಟ್ಟೆಯ ಅಂಚಿನಲ್ಲಿ ಅವರ ಒಗೆಯುವ ಕಲ್ಲಿತ್ತು. ಆಳೆತ್ತರದ ಚಪ್ಪಡಿ, ಬೋರಲಾಗಿ ಮಲಗಿತ್ತು. ಒಂದು ತುದಿ ಮೆಟ್ಟಿಲಿನ ಮೇಲೆ ಕೂತಿದ್ದರಿಂದ ಅಡಿಯಲ್ಲಿ ತೋಳು ತೂರುವಷ್ಟು ಸಂದು. ಅವರು ನನ್ನನ್ನು ಅಲ್ಲಿ ಮಕಾಡೆ ಮಲಗಿಸಿ ಕೈ ತೂರಿಸಲು ಹೇಳಿದರು.

“ಕಣ್ ಮುಚ್ಕಳಿ. ಬುಟ್ಕಂಡಿದ್ರೆ ಕೈಗೆ ಗ್ಯಾನ ಇರಕಿಲ್ಲ.”

ಮುಚ್ಚಿದೆ. ತಣ್ಣನೆಯ ಕಲ್ಲಿನ ಮೇಲೆ ಬೆರಳಿಗೆ ಮೊದಲು ಒಂದು ಮೊಣಕೈ ಸಿಕ್ಕಿತು, ಆಮೇಲೆ ಬಳೆಗಳು. ಒಂದೊಂದಾಗಿ ಎಣಿಸಿದೆ, ಏಳು. ಅದರಾಚೆ ಬಿಡಿಸಿದ ಅಂಗೈ. ಮಾಸ್ತಿಕಲ್ಲು! ಗಂಡನ ಜೊತೆ ಚಿತೆಗೆ ಹೋದ ಯಾವಳೋ ಒಬ್ಬಳು. ಇಸ್ತ್ರಿಯಣ್ಣನ ಮನೆಯ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಅರಿಶಿನದ ಕೈಯನ್ನು ಈ ಸಂದಿನಲ್ಲಿಟ್ಟು ಆ ಕೈ ಮುಟ್ಟಿ ಹೋಗುತ್ತಾರಂತೆ. ಕಲ್ಲನ್ನು ಯಾರೂ ಮಗುಚಿ ನೋಡಿದ್ದಿಲ್ಲ.

“ನಮ್ಮವ್ವ ಅನ್ನೋರು, ಆಯಮ್ಮ ಮೊಕ ತೋರ್ಸಕಿಲ್ಲ, ಕೈ ನೀಡ್ತಳೆ ಅಂತ. ಮುಂದ್ಲ ತಿಂಗ್ಳು ನನ್ ಮಗ್ಳೂ ಬತ್ತಳೆ. ಯಾರ್ಗೂ ಯೋಳ್ಬ್ಯಾಡಿ ಮೇಷ್ಟ್ರೇ.”

ಹೇಳುವುದಿಲ್ಲ ಎಂದೆ.

ಹೇಳದೆ ಇರುವುದು ನನ್ನಿಂದ ಎಲ್ಲಾಯಿತು? ಆಗ ನಾನು ಬಡಾವಣೆಯ ಸಂಘದ ಕಾರ್ಯದರ್ಶಿ. ತೋಪಿನ ಒಂದು ಭಾಗವನ್ನು ಪಾರ್ಕು ಮಾಡುತ್ತಿದ್ದೆವು. ನಮ್ಮೂರಿನಲ್ಲಿ ನೋಡಬೇಕಾದ ಜಾಗಗಳು ಎಂದು ನಾನೊಂದು ಕಿರುಪುಸ್ತಕವನ್ನೂ ಬರೆಯುತ್ತಿದ್ದೆ. ಎಲ್ಲವೂ ಅವರು ತೋರಿಸಿದ್ದೇ, ಬರೆದವನು ಮಾತ್ರ ನಾನು. ಮುಖಪುಟಕ್ಕೆ ಒಂದು ಫೋಟೊ ಬೇಕಿತ್ತು. ಅವರು ಲಗ್ನಪತ್ರಿಕೆ ಹಂಚಲು ರಾವಂದೂರಿಗೆ ಹೋಗಿದ್ದ ದಿನ, ಪಾರ್ಕಿನ ಕೆಲಸಕ್ಕೆ ಬಂದಿದ್ದ ಜೆಸಿಬಿಯವನನ್ನು ಕಟ್ಟೆಯ ಹತ್ತಿರ ಕರೆದುಕೊಂಡು ಹೋದೆ. ಹತ್ತು ನಿಮಿಷದ ಕೆಲಸ. ಕಲ್ಲು ಮೇಲೇಳುವಾಗ ಬಕೆಟ್ಟಿನ ಹಲ್ಲು ತಾಗಿ ಚಟ್ ಎಂದಿತು. ಅಂಗೈಯೂ ನಾಲ್ಕು ಬಳೆಯೂ ಹೋದವು. ಚೂರುಗಳನ್ನು ಹುಡುಕಿದೆ, ಕೆಸರಿನಲ್ಲಿ ಸಿಗಲಿಲ್ಲ. ಸಂಜೆಯೊಳಗೆ ಕಲ್ಲನ್ನು ಪಾರ್ಕಿನಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ಗ್ರಿಲ್ ಹಾಕಿಸಿದೆ, ಅದರ ಬಾಗಿಲಿಗೆ ಬೀಗ ಮಾತ್ರ ಇನ್ನೂ ಹಾಕಿರಲಿಲ್ಲ.

ಮಾರನೇ ದಿನ ಇಸ್ತ್ರಿಯಣ್ಣ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಬೈಯಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು, ಮಗುವಿನ ಮುಖ ತೊಳೆದ ಹಾಗೆ ಕಲ್ಲಿನ ಮುಖದ ಮಣ್ಣು ತೊಳೆದರು. ಬಹಳ ಹೊತ್ತು ನೋಡಿದರು.

“ಎಷ್ಟ್ ಚಿಕ್ಕುಡ್ಗಿ...” ಅಂದರು. ಆಮೇಲೆ ಮುರಿದ ಜಾಗದ ಮೇಲೆ ಬೆರಳಾಡಿಸಿದರು. “ಆಗೋದ್ ಆಯ್ತು ಬುಡಿ. ನನ್ ಮಗ್ಳು ಬಂದಾಗ ಒಂದಪ ಮುಟ್ಟಕ್ ಬುಡಿ ಮೇಷ್ಟ್ರೇ, ಅಷ್ಟೇಯ.”

ಖಂಡಿತ ಎಂದೆ. ಕೈಯನ್ನು ಸರಿ ಮಾಡಿಸುತ್ತೇನೆ ಎಂದೂ ಹೇಳಿದೆ.

ಸರಿ ಮಾಡಿಸಿದ್ದು ಅವರ ಮಗಳ ಮದುವೆಯ ಹಿಂದಿನ ಸಂಜೆ. ಗಾರೆಯವನು ಸಿಮೆಂಟಿನಲ್ಲಿ ಒಂದು ಕೈ ಮೆತ್ತಿ, ಕಡ್ಡಿಯಿಂದ ಬಳೆ ಗೀಚಿ ಹೋದ. ಯಾರೂ ಮುಟ್ಟದಿರಲೆಂದು ಗ್ರಿಲ್ಲಿಗೆ ಬೀಗ ಹಾಕಿದೆ. ಮಾರನೇ ಬೆಳಿಗ್ಗೆಯೇ ಅವರು ಮಗಳನ್ನು ಕರೆದುಕೊಂಡು ಬಂದರು, ಜೊತೆಗೆ ನಾಲ್ಕೈದು ಹೆಂಗಸರು. ಹುಡುಗಿಯ ಮುಖ, ಮೊಣಕೈವರೆಗೆ ತೋಳು, ಎಲ್ಲ ಅರಿಶಿನ. ಅದರ ಮರುದಿನವೇ ಪಾರ್ಕಿನ ಉದ್ಘಾಟನೆ, ದೊಡ್ಡವರು ಬರುವವರಿದ್ದರು. ಸಿಮೆಂಟು ಇನ್ನೂ ಹಸಿ. ಮುಟ್ಟಿದರೆ ಕೈ ಉದುರುತ್ತದೆ, ಉದುರಿದರೆ ನನ್ನ ಮಾನ ಹೋಗುತ್ತದೆ. ಆ ಕ್ಷಣ ನನಗೆ ಹೊಳೆದದ್ದು ಇಷ್ಟೇ.

“ಬೀಗದ ಕೈ ಪಾರ್ಕಿನ ಕಂಟ್ರಾಕ್ಟರ್ ಹತ್ರ ಇದೆ ಅಣ್ಣ, ಅವರು ಮೈಸೂರಿಗೆ ಹೋಗಿದ್ದಾರೆ” ಎಂದೆ.

ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಹುಡುಗಿ ಗ್ರಿಲ್ಲಿನ ಸಂದಿಯಲ್ಲಿ ಕೈ ಚಾಚಿದಳು. ಒಂದು ಗೇಣು ಸಾಲಲಿಲ್ಲ. ಅವರು ನನ್ನನ್ನು ಇನ್ನೊಮ್ಮೆ ಕೇಳಲಿಲ್ಲ. ಮಗಳಿಗೆ, “ಮೇಷ್ಟ್ರು ಕಾಲ್ ಮುಟ್ಟವ್ವ” ಎಂದರು. ಅವಳು ಬಗ್ಗಿ ನನ್ನ ಪಾದ ಮುಟ್ಟಿದಳು, ಪ್ಯಾಂಟಿನ ಅಂಚಿಗೆ ಅರಿಶಿನ ಹತ್ತಿತು. ನಾನು ಒಳ್ಳೆಯದಾಗಲಿ ಎಂದು ಹರಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಗುತ್ತದೆ. ಅವರೆಲ್ಲ ಕಟ್ಟೆಯ ಕಡೆ ನಡೆದರು. ಕಲ್ಲು ಎದ್ದುಹೋದ ಜಾಗದಲ್ಲಿ ಒಂದು ಗುಂಡಿಯಿತ್ತು, ಕೆಸರುನೀರು ತುಂಬಿದ ಗುಂಡಿ. ಹುಡುಗಿ ಮಂಡಿಯೂರಿ ಅದರೊಳಗೆ ಕೈಯಿಟ್ಟಳು, ಕಣ್ಣು ಮುಚ್ಚಿಕೊಂಡು. ಅಲ್ಲಿ ಅವಳ ಕೈಗೆ ಏನು ಸಿಕ್ಕಿತೋ...

ಮದುವೆ ಮುಗಿದು ಹುಡುಗಿ ಕೆ.ಆರ್. ನಗರದ ಆಚೆ, ಚುಂಚನಕಟ್ಟೆ ಕಡೆ ಹೋದಳು. ಉದ್ಘಾಟನೆಯಾಯಿತು, ನನಗೆ ಶಾಲು ಹೊದಿಸಿದರು. ಅದಾದ ಮೇಲೆ ಗ್ರಿಲ್ಲಿನ ಬೀಗದ ಕೈ ಕಾಣಲಿಲ್ಲ. ನಾನು ಎಲ್ಲೆಡೆ ಹುಡುಕುತ್ತಲೇ ಇದ್ದೆ. ವಾರದ ನಂತರ ಇಸ್ತ್ರಿಯಣ್ಣ ಎಂದಿನಂತೆ ಬಟ್ಟೆಯ ಗಂಟು ತಂದರು. ಎಲ್ಲಕ್ಕಿಂತ ಮೇಲೆ ಈ ಬೂದು ಪ್ಯಾಂಟು. ಅಂಚಿನ ಅರಿಶಿನದ ಕಲೆ ಪೂರ್ತಿ ಹೋಗಿತ್ತು. ಅದರ ಮೇಲೆ, ನಟ್ಟನಡುವೆ, ಬೀಗದ ಕೈ.

“ಜೋಬಲ್ಲಿತ್ತು ಮೇಷ್ಟ್ರೇ.”

ಅಷ್ಟೇ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು “ಓ, ಇಲ್ಲಿತ್ತಾ” ಎಂದೆ. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ಬಟ್ಟೆ ಕೊಡುವುದು, ತೆಗೆದುಕೊಳ್ಳುವುದು ನಡೆದೇ ಇತ್ತು. ಭಾನುವಾರದ ಸುತ್ತಾಟ ಮಾತ್ರ ನಿಂತಿತು. ಎರಡು ವರ್ಷಕ್ಕೆ ಅವರು ಗಾಡಿ ಮಾರಿ ಮಗಳ ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಎಂದು ತರಕಾರಿಯವಳು ಹೇಳಿದಾಗ ತಿಂಗಳು ಕಳೆದಿತ್ತು. ಚುಂಚನಕಟ್ಟೆಗೆ ಹೋಗಲು ಬಸ್ಸಿದೆ. ಮಗಳನ್ನಾದರೂ ಕಂಡು ಬರಬಹುದಿತ್ತು, ನಾನು ಹೋಗಲಿಲ್ಲ.

ಮೊನ್ನೆ ಆ ಪ್ಯಾಂಟನ್ನು ಹರಿಯದೆ ಮಡಿಸಿಟ್ಟು ಪಾರ್ಕಿಗೆ ಹೋದೆ. ಫಲಕದ ಮೇಲೆ ನನ್ನ ಹೆಸರು ಇನ್ನೂ ಚೆನ್ನಾಗಿಯೇ ಇದೆ. ಗ್ರಿಲ್ಲಿನ ಬಾಗಿಲು ತುಕ್ಕು ಹಿಡಿದು ಕಳಚಿ ಬಿದ್ದಿದೆ, ಈಗ ಯಾರು ಬೇಕಾದರೂ ಒಳಗೆ ಹೋಗಬಹುದು. ಸಿಮೆಂಟಿನ ಕೈ ಉದುರಿ ಎಷ್ಟು ಕಾಲವಾಯಿತೋ. ಇಸ್ತ್ರಿಯಣ್ಣ ಹೇಳಿಕೊಟ್ಟ ಹಾಗೆ ಕಣ್ಣು ಮುಚ್ಚಿ ಕಲ್ಲಿನ ಮೇಲೆ ಬೆರಳಿಟ್ಟೆ. ಮೊಣಕೈ ಸಿಕ್ಕಿತು. ಒಂದು ಬಳೆ, ಎರಡು, ಮೂರು... ಅಲ್ಲಿಂದಾಚೆ ಏನೂ ಇರಲಿಲ್ಲ. ಕಣ್ಣು ಬಿಟ್ಟೆ. ಕಲ್ಲಿನೊಳಗಿನ ಆ ಚಿಕ್ಕ ಹುಡುಗಿ ನನ್ನನ್ನೇ ನೋಡುತ್ತಿದ್ದಳು.