ರಾಜಪ್ಪನವರ ಹೆಸರಿನ ಚೀಟಿ

ಹೇಳಬಾರದ ಜಾಗದಲ್ಲಿ ಗುಳ್ಳೆ ಎದ್ದಿತ್ತು. ದೆಹಲಿಯಲ್ಲಿ ನಾವಿದ್ದ ಆರ್.ಕೆ.ಪುರಂನ ಪರಿಚಿತರ ಕಣ್ಣಿಗೆ ಬೀಳಬಾರದೆಂದು ಮುನಿರ್ಕಾದ ಒಂದು ಕ್ಲಿನಿಕ್ಕಿಗೆ ಹೋದೆ. ಹೆಸರು ಕೇಳಿದಾಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ರಾಜಪ್ಪನವರ ಹೆಸರು ಬರೆಸಿಬಿಟ್ಟೆ.

ಡಾಕ್ಟರಮ್ಮ ನೋಡಿ ಹಿಂದಿಯಲ್ಲಿ ಹೇಳಿದರು: "ಇದು ಹರ್ಪಿಸ್, ಮೈಸಂಪರ್ಕದಿಂದ ಅಂಟುವಂಥದ್ದು. ಬಹಳ ಜನಕ್ಕಿರುತ್ತೆ, ಎಷ್ಟೋ ಮಂದಿಗೆ ಗೊತ್ತೇ ಇರಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಏಳಬಹುದು. ಪೂರ್ತಿ ಹೋಗಲ್ಲ, ಆದರೆ ಮಾತ್ರೆಯಿಂದ ಹತೋಟಿಯಲ್ಲಿರುತ್ತೆ. ಹೆಂಡತಿಗೆ ಹೇಳಿ."

ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡು ಹೊರಗೆ ಬಂದರೆ, ಕಾಂಪೌಂಡರ್ ನನ್ನ ನಿಜವಾದ ಹೆಸರನ್ನೇ ಕೂಗಬೇಕೆ! ಅಷ್ಟರಲ್ಲಿ ಮೂಲೆಯಿಂದ ಮಾಸ್ಕ್ ಹಾಕಿಕೊಂಡ ಒಬ್ಬರು ಎದ್ದರು. ಸಾಕ್ಷಾತ್ ರಾಜಪ್ಪ.

"ಏನ್ ಸಾರ್, ನನ್ನ ಹೆಸರೇ ಬೇಕಿತ್ತಾ?" ಅಂದೆ.

ಅವರು ನನ್ನ ಚೀಟಿಯನ್ನು ಇಣುಕಿ ನೋಡಿದರು. "ನೀವೇನು ಕಮ್ಮಿ ಮಾಡಿದ್ದೀರಿ?"

"ನಿಮಗೂ ಅದೇನಾ?" ಅಂತ ಕೇಳಿದೆ.

"ಅದೇ ಕಣ್ರೀ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಡಾಕ್ಟರಮ್ಮನ ಮಾತು ನನಗೆ ನಂಬಿಕೆಯಾದದ್ದು ಆಗಲೇ.

ಆ ಧೈರ್ಯದಲ್ಲೇ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ ಚೀಟಿ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿ ಮಡಚಿಟ್ಟಳು.

"ನಾಳೆ ನಾನೂ ಬಂದು ತೋರಿಸ್ಕೋತೀನಿ," ಅಂದಳು. "ಆದರೆ ಮಿಸೆಸ್ ರಾಜಪ್ಪ ಅಂತ ಮಾತ್ರ ಬರೆಸಲ್ಲ."