ಎರಡು ತಟ್ಟೆಗೆ ಹಂಚಿದ ಗುಟ್ಟು

"ಏಳನೇ ನಂಬರಿಂದ ಶುರುವಾಗಿದೆ. ಮೊದಲಿನ ಆರು ಶಿಕಾರಿಪುರದಲ್ಲಿ ನಮ್ಮಣ್ಣ ಕೊರ್ದಿದ್ದಲ್ವೇನ್ರೀ?"

ಸೊರಬದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವಾತ ನನ್ನ ಚೀಟಿ ನೋಡಿ ಹೀಗೆಂದಾಗ ಕಕ್ಕಾಬಿಕ್ಕಿಯಾದೆ.

ನನ್ನ ಕ್ರಿಪ್ಟೊ ಉಳಿತಾಯಕ್ಕೆ ಹನ್ನೆರಡು ಇಂಗ್ಲಿಷ್ ಪದಗಳೇ ಕೀಲಿ. ಅವು ಕಳೆದುಹೋದರೆ ಹಣ ಹೋಯಿತು, ಬೇರೆಯವರಿಗೆ ಸಿಕ್ಕರೂ ಹೋಯಿತು. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ಪೆನ್‌ಡ್ರೈವ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಸ್ಟೀಲ್ ತಟ್ಟೆಯೇ ಗಟ್ಟಿ ಎಂದುಕೊಂಡು ಆರು ಪದ ಅಲ್ಲಿ, ಆರು ಇಲ್ಲಿ ಕೊರೆಸಲು ಹೊರಟಿದ್ದೆ. ಒಬ್ಬರಿಗೇ ಪೂರ್ತಿ ತಿಳಿಯಬಾರದಲ್ಲ!

"ನಿಮಗೆ ಹೇಗೆ ಗೊತ್ತು?" ಎಂದೆ. ಆತ ಮೊಬೈಲ್ ತೋರಿಸಿದ. ಅದರಲ್ಲಿ ನನ್ನ ಮೊದಲ ತಟ್ಟೆಯ ಫೋಟೊ!

"ಹೆಸರೂ ಅಲ್ಲ, ಊರೂ ಅಲ್ಲ, ಏನಿದು ಅಂತ ಅಣ್ಣ ನಮ್ಮನೆ ಗ್ರೂಪಿಗೆ ಹಾಕಿದ್ದ. ಯಾರಿಗೂ ಗೊತ್ತಾಗ್ಲಿಲ್ಲ. ಇದನ್ನೂ ಹಾಕಿ ಕೇಳ್ಲೇನ್ರೀ?"

ಚೀಟಿ ಕಿತ್ತುಕೊಂಡು ಬಸ್ಸು ಹತ್ತಿದೆ. ದಾರಿಯಲ್ಲೇ ಮೊಬೈಲಿನಲ್ಲಿ ಹೊಸ ಕ್ರಿಪ್ಟೊ ವ್ಯಾಲೆಟ್ ತೆರೆದು ಹಣವನ್ನೆಲ್ಲ ಅದಕ್ಕೆ ವರ್ಗಾಯಿಸಿದೆ. ಈಗ ಅದರ ಕೀಲಿಯಾಗಿ ಬೇರೆಯೇ ಹನ್ನೆರಡು ಪದಗಳಿವೆ, ಎಲ್ಲಿಡಬೇಕೋ ತೋಚುತ್ತಿಲ್ಲ. ಸದ್ಯಕ್ಕೆ ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ, ಅಂಗಿಯ ಜೇಬಿನಲ್ಲಿವೆ. ಆ ಅಂಗಿಯನ್ನು ಒಗೆಯಲು ಕೊಡಿ ಎಂದು ಹೆಂಡತಿ ಮೂರು ದಿನದಿಂದ ಬೆನ್ನು ಹತ್ತಿದ್ದಾಳೆ.