ಕುಕ್ಕರ್ ಮುಚ್ಚಳ ತೆಗೆದ ಬೆಳಗು

ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಅಡುಗೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಸ್ಪರ್ಧೆ ರಾಣೇಬೆನ್ನೂರಿನಲ್ಲಿ. ಮನೆಯಲ್ಲೇ ಮಾಡಿ ತರಬೇಕು, ಬಡಿಸುವಾಗ ಬಿಸಿ ಇರಬೇಕು. ನಸುಕಿನಲ್ಲೇ ಎದ್ದು, ಬ್ಯಾಡಗಿ ಮೆಣಸಿನಕಾಯಿ ಅರೆದು ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಕುಕ್ಕರಿನ ಮುಚ್ಚಳ ತೆಗೆಯದೆ, ಹಳೇ ಕಂಬಳಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹಾವೇರಿಯಲ್ಲಿ ಬಸ್ ಹತ್ತಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟರು. ಅದರಲ್ಲಿರುವುದು ಹದಿಮೂರು ವರ್ಷದ ಹಿಂದಿನ ಮುಖ. ಪಕ್ಕದಲ್ಲಿ ಕುಳಿತ ಅಜ್ಜಿ ಕಾರ್ಡ್ ಮರೆತು ಬಂದಿದ್ದಳು. ರೊಕ್ಕ ಕೊಟ್ಟೇ ಟಿಕೆಟ್ ತೆಗೆಸಿದಳು. ಅವಳು ಐರಣಿಗೆ, ಮಗಳ ಮನೆಗೆ ಹೊರಟವಳು.

ಮೋಟೆಬೆನ್ನೂರು ದಾಟುವಾಗ ಪೊಲೀಸರು ಬಸ್ ನಿಲ್ಲಿಸಿದರು. ಎರಡು ದಿನದ ಹಿಂದೆ ದೂರದ ಪಟ್ಟಣವೊಂದರಲ್ಲಿ ಕುಕ್ಕರಿನಲ್ಲಿಟ್ಟ ಬಾಂಬ್ ಸ್ಫೋಟವಾಗಿತ್ತು. ಎಲ್ಲ ಕಡೆ ತಪಾಸಣೆ. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಒಳಗೆ ಬಂದು ಒಬ್ಬೊಬ್ಬರ ಗುರುತಿನ ಚೀಟಿ ಕೇಳಿದರು. ಕುಮಾರಪಟ್ಟಣದ ಕಾರ್ಖಾನೆಗೆ ಹೋಗುವವನೊಬ್ಬನ ಕೊರಳಲ್ಲೇ ಕಾರ್ಡ್ ನೇತಾಡುತ್ತಿತ್ತು. ನನ್ನದನ್ನೂ ನೋಡಿ ಮುಂದೆ ಸರಿದರು. ಅಜ್ಜಿಯ ಹತ್ತಿರ ನಿಂತುಬಿಟ್ಟರು.

"ಕಾರ್ಡ್ ಇಲ್ಲಂದ್ರ ಹೆಂಗ? ಕೆಳಗ ಇಳೀರಿ. ಚೀಲದಾಗ ಏನೈತಿ?"

"ಯವ್ವಾ, ಮೊಮ್ಮಗನ ಅಂಗಿ ಅದಾವ. ನಾ ಯಾರಂತ ಹೆಂಗ ತೋರಿಸ್ಲಿ?" ಅಜ್ಜಿ ಚೀಲ ಎದೆಗೆ ಒತ್ತಿಕೊಂಡಳು. ಸುತ್ತಲಿನವರು ಅವಳನ್ನು ನೋಡುವ ರೀತಿಯೇ ಬದಲಾಯಿತು.

ನನ್ನ ಕಾಲ ನಡುವೆ ಕುಕ್ಕರ್ ಬೆಚ್ಚಗಿತ್ತು. ಅವಳ ಅಂಗಿಗಳಿಗೆ ತಪಾಸಣೆ, ಮುಚ್ಚಳ ಬಿಗಿದ ನನ್ನ ಪಾತ್ರೆಗೆ ಒಂದು ಪ್ರಶ್ನೆಯೂ ಇಲ್ಲ. ಸುಮ್ಮನಿದ್ದರೆ ವೇಳೆಗೆ ಸರಿಯಾಗಿ ಸ್ಪರ್ಧೆ ಮುಟ್ಟುತ್ತಿದ್ದೆ. ಆದರೂ ಎದ್ದು ನಿಂತೆ.

"ಮೇಡಂ, ನನ್ನ ಚೀಲಾನೂ ನೋಡ್ರಿ. ಕುಕ್ಕರ್ ಐತಿ."

ಆ ಮಾತಿಗೆ ಇಡೀ ಬಸ್ಸೇ ಖಾಲಿಯಾಯಿತು! ಕಿಟಕಿಯಿಂದ ಜಿಗಿದವರೂ ಇದ್ದರು. ಚೀಲ ಎತ್ತಿಕೊಂಡು ಇಳಿದೆ. ರಸ್ತೆಯಾಚೆಯ ಬಯಲಲ್ಲಿ ಇಡಿಸಿ, ಕಾನ್‌ಸ್ಟೇಬಲ್ ದೂರ ನಿಂತು, "ನೀವ ತಗೀರಿ" ಎಂದರು. ಸೀಟಿ ಎತ್ತಿದೆ. ಉಳಿದಿದ್ದ ಉಗಿ ಸುಸ್ಸ್ ಎಂದಿತು. ಜನ ಇನ್ನಷ್ಟು ಹಿಂದಕ್ಕೆ ಓಡಿದರು. ಮುಚ್ಚಳ ತಿರುಗಿಸಿದ್ದೇ ತಡ, ಮಸಾಲೆಯ ಘಮ ರಸ್ತೆ ತುಂಬಾ ಹರಡಿತು. ಮೊದಲು ನಕ್ಕವಳು ಅಜ್ಜಿಯೇ.

ಕಾನ್‌ಸ್ಟೇಬಲ್ ನಗಲಿಲ್ಲ. "ಕಾರ್ಡ್ ನೋಡಿ ನಿಮ್ಮನ್ನ ಬಿಟ್ಟಿದ್ದೆ ನೋಡ್ರಿ," ಎಂದು ಮೆಲ್ಲಗೆ ಹೇಳಿ, ಎಲ್ಲರ ಚೀಲಗಳನ್ನೂ ಇಳಿಸಿದರು. ಕಾರ್ಖಾನೆಯವನ ಬುತ್ತಿಯನ್ನೂ ಬಿಡಲಿಲ್ಲ. ಅಜ್ಜಿಯ ಚೀಲದಲ್ಲಿ ಅಂಗಿಗಳಷ್ಟೇ ಇದ್ದದ್ದು ನೋಡಿ ಅವಳನ್ನೂ ಬಸ್ ಹತ್ತಿಸಿದರು. "ಲಗೂ ಮುಗಸ್ರಿ" ಎಂದು ಕೆಲವರು ಗೊಣಗಿದರು. ನನಗೂ ಗಡಿಯಾರದ ಮೇಲೇ ಕಣ್ಣು. ತಪಾಸಣೆಯೇ ಬೇಡ ಎನ್ನುವ ಧೈರ್ಯ ನನಗಿಲ್ಲ. ನಾಳೆ ಇದೇ ಬಸ್ಸಿನಲ್ಲಿ ನನ್ನ ಮಕ್ಕಳೂ ಓಡಾಡುವವರು. ಆದರೆ ಕಾರ್ಡ್ ಮರೆತ ಒಬ್ಬಳನ್ನು ಹೆದರಿಸುವುದಕ್ಕಿಂತ ಎಲ್ಲರೂ ಅರ್ಧ ತಾಸು ಬಿಸಿಲಲ್ಲಿ ನಿಲ್ಲುವುದೇ ಸರಿ ಅನ್ನಿಸಿತು.

ರಾಣೇಬೆನ್ನೂರಿನ ನಿಲ್ದಾಣದಲ್ಲಿ ಇಳಿದಾಗ ಅಜ್ಜಿ ನನ್ನ ಕೈ ಹಿಡಿದು, "ಒಂಚೂರು ರುಚಿ ನೋಡ್ಲೇನು?" ಎಂದಳು. ಬೆರಳಿಗೆ ಹಚ್ಚಿಕೊಂಡು ನೆಕ್ಕಿ, "ಸಪ್ಪಗೈತಿ ತಂಗಿ" ಎಂದಳು. ಗಡಿಬಿಡಿಯಲ್ಲಿ ಉಪ್ಪು ಕಡಿಮೆ ಹಾಕಿದ್ದೆ! ನಿಲ್ದಾಣದ ಹೋಟೆಲಿನಲ್ಲಿ ಚಿಟಿಕೆ ಉಪ್ಪು ಕೇಳಿ ಪಡೆದು, ಅಲ್ಲೇ ಒಲೆಯ ಮೇಲಿಟ್ಟು ಕುದಿಸಿಕೊಂಡು ಓಡಿದೆ. ತೀರ್ಪುಗಾರರು ಕೊನೆಯ ಸಾಲಿಗೆ ಬಂದಿದ್ದರು.

ಎರಡನೇ ಬಹುಮಾನ ಬಂತು. ನನ್ನ ಹೆಸರು ಕೂಗಿದಾಗ ನಾನು ಕಿರುಚಿದ್ದು ಹೊರಗಿನ ರಸ್ತೆಗೂ ಕೇಳಿಸಿತಂತೆ.